ಸ್ಮಾರ್ಟ್ ಟಿವಿ ಬಂತು, ಮಕ್ಕಳ ಹುರುಪು ಒಂದೇ ವಾರ! ನೀವೆಲ್ಲ ಹೇಗೆ ಮಾಡ್ತೀರಿ?

ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ಕೆಲಸಕ್ಕೆ ಸೇರಿದವಳು. ವಿಜ್ಞಾನ, ಗಣಿತ ಎರಡೂ ನನ್ನದೇ. ಹತ್ತನೇ ತರಗತಿಯಲ್ಲಿ 46 ಮಕ್ಕಳು. ಊರಿನ ದಾನಿಗಳೊಬ್ಬರು ಸ್ಮಾರ್ಟ್ ಟಿವಿ ಕೊಡಿಸಿದ್ದಾರೆ. ಮೊದಲ ವಾರ ವಿಡಿಯೊ ಹಾಕಿದರೆ ಸಾಕು, ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಈಗ ಹಿಂದಿನ ಬೆಂಚಿನವರು ತೂಕಡಿಸುತ್ತಾರೆ. ಇಂಟರ್‌ನೆಟ್ ನನ್ನ ಮೊಬೈಲಿನದ್ದೇ. ಕರೆಂಟು ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಇಷ್ಟರಲ್ಲೇ ಮಕ್ಕಳಿಗೆ ಕಲಿಯೋ ಆಸೆ ಹುಟ್ಟಿಸೋದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ವಿಜ್ಞಾನ ಶಿಕ್ಷಕ, ಹಾಸನ ಜಿಲ್ಲೆ

ಮೇಡಂ, ನಮ್ಮ ಶಾಲೆಯಲ್ಲೂ ಹೀಗೇ ಆಗಿತ್ತು. ವಿಡಿಯೊ ಓಡುವಾಗ ಮಕ್ಕಳಿಗೆ ಮಾಡೋಕೆ ಕೆಲಸವೇ ಇರೋದಿಲ್ಲ. ಪ್ರಶ್ನೆಯನ್ನೂ ಅದೇ ಕೇಳುತ್ತದೆ, ಉತ್ತರವನ್ನೂ ಅದೇ ಹೇಳುತ್ತದೆ. ಹಾಗಾಗಿ ಈಗ ನಾನೊಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಮಕ್ಕಳು ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವವರೆಗೆ ಟಿವಿಯಲ್ಲಿ ಏನನ್ನೂ ತೋರಿಸೋದಿಲ್ಲ.

ನಾನು ಜಾಸ್ತಿ ಬಳಸೋದು 'ಫೆಟ್' ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೆ ನಾವೇ ಮಾಡಿ ನೋಡಬಹುದಾದ ಪ್ರಯೋಗಗಳನ್ನು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಹಲವು ಕನ್ನಡದಲ್ಲೇ ಇವೆ. ಮನೆಯಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ ಶಾಲೆಯಲ್ಲಿ ಇಂಟರ್‌ನೆಟ್ ಬೇಡ, ಟಿವಿಗೆ ಒಂದು ಕೇಬಲ್ ಹಾಕಿದರೆ ಆಯಿತು.

ಹೋದ ವರ್ಷದ ಒಂದು ಪಾಠ ಹೇಳುತ್ತೇನೆ, ನಿಮಗೂ ಅದೇ ಪಾಠ ಇದೆಯಲ್ಲ. ವಿದ್ಯುಚ್ಛಕ್ತಿ, ಸರಣಿ ಜೋಡಣೆ. ಬೋರ್ಡಿನ ಮೇಲೆ ಒಂದು ಬ್ಯಾಟರಿ, ಒಂದರ ಹಿಂದೆ ಒಂದು ಎರಡು ಬಲ್ಬು ಬರೆದೆ. ಎರಡೂ ಒಂದೇ ಥರದ ಬಲ್ಬು, ಯಾವುದು ಜಾಸ್ತಿ ಉರಿಯುತ್ತೆ ಅಂತ ಕೇಳಿದೆ. ಮುಕ್ಕಾಲು ಪಾಲು ಮಕ್ಕಳು 'ಮೊದಲನೆಯದು' ಅಂತ ಬರೆದರು. ಮೊದಲನೆಯ ಬಲ್ಬು ಕರೆಂಟು ತಿಂದುಬಿಡುತ್ತೆ, ಎರಡನೆಯದಕ್ಕೆ ಉಳಿದದ್ದು ಸಿಗುತ್ತೆ ಅಂತ ಅವರ ಲೆಕ್ಕ. ಸಿಮ್ಯುಲೇಶನ್‌ನಲ್ಲಿ ಸ್ವಿಚ್ ಹಾಕಿದೆ. ಎರಡೂ ಸಮನಾಗಿ ಉರಿದವು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. 'ಸರ್, ಅದು ಕಂಪ್ಯೂಟರು. ಅದರಲ್ಲಿ ಹೇಗೆ ಬೇಕಾದರೂ ತೋರಿಸ್ತಾರೆ. ನಿಜವಾದ ಬಲ್ಬು ತನ್ನಿ ಸರ್.' ನನಗೆ ಎಷ್ಟು ಖುಷಿಯಾಯಿತು ಅಂದರೆ, ವರ್ಷವಿಡೀ ಆ ಹುಡುಗ ಬಾಯಿ ಬಿಟ್ಟಿರಲಿಲ್ಲ.

ಮಾರನೇ ದಿನ ಎರಡು ಸೆಲ್ಲು, ಎರಡು ಟಾರ್ಚ್ ಬಲ್ಬು ತಂದೆ. ಜೋಡಿಸಿದರೆ ಮೊದಲನೆಯದು ಜಾಸ್ತಿ, ಎರಡನೆಯದು ಮಂಕು! ಇಡೀ ತರಗತಿ 'ನಾವು ಹೇಳಲಿಲ್ವಾ ಸರ್' ಅಂತ ಕೂಗಿತು. ಒಂದು ಕ್ಷಣ ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಒಬ್ಬಳು ಹುಡುಗಿ 'ಬಲ್ಬು ಅದಲು ಬದಲು ಮಾಡಿ ಸರ್' ಅಂದಳು. ಮಾಡಿದೆವು. ಈಗ ಎರಡನೇ ಜಾಗದ ಬಲ್ಬು ಜಾಸ್ತಿ ಉರಿಯಿತು! ಅಂದರೆ ಜಾಗಕ್ಕೂ ಬೆಳಕಿಗೂ ಸಂಬಂಧ ಇಲ್ಲ, ಬಲ್ಬುಗಳೇ ಬೇರೆ ಬೇರೆ. ನೋಡೋಕೆ ಒಂದೇ ಥರ ಇದ್ದರೂ ಅವುಗಳ ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಒಂದೇ ಆಗಿರಲಿಲ್ಲ. ಸರಣಿಯಲ್ಲಿ ಹರಿಯುವ ಪ್ರವಾಹ ಎರಡಕ್ಕೂ ಒಂದೇ, ರೋಧ ಜಾಸ್ತಿ ಇರೋದು ಜಾಸ್ತಿ ಬೆಳಗುತ್ತದೆ. ಆ ಪಾಠವನ್ನು ನಾನು ಮತ್ತೆ ವಿವರಿಸಬೇಕಾಗಲೇ ಇಲ್ಲ.

ಬರೀ ಸಿಮ್ಯುಲೇಶನ್ ತೋರಿಸಿದ್ದರೆ ಮಕ್ಕಳು ಉತ್ತರ ಬರೆದುಕೊಂಡು ಸುಮ್ನೆ ಆಗುತ್ತಿದ್ದರು. ಬರೀ ಬಲ್ಬು ತಂದಿದ್ದರೆ ತಪ್ಪು ಉತ್ತರವೇ ಮನಸ್ಸಲ್ಲಿ ಕೂತುಬಿಡುತ್ತಿತ್ತು. ಎರಡೂ ಬೇಕು ಮೇಡಂ. ಈಗಿನ ಟಾರ್ಚುಗಳಲ್ಲಿ ಎಲ್‌ಇಡಿ ಇರುತ್ತೆ, ಅದು ಇದಕ್ಕೆ ಆಗಲ್ಲ. ಒಳಗೆ ತಂತಿ ಇರೋ ಹಳೇ ಬಲ್ಬನ್ನೇ ಕೇಳಿ ತನ್ನಿ. ಮೂರು ನಾಲ್ಕು ಜಾಸ್ತಿ ಇರಲಿ, ಸುಟ್ಟುಹೋಗುತ್ತವೆ.

ಗಣಿತ ಶಿಕ್ಷಕಿ, ತುಮಕೂರು ಜಿಲ್ಲೆ

ಸರ್ ಹೇಳಿದ 'ಮೊದಲು ಊಹೆ' ಅನ್ನೋದನ್ನು ಗಣಿತದಲ್ಲಿ ನಾನು 'ಪ್ಲಿಕರ್ಸ್' ಆ್ಯಪ್‌ನಿಂದ ಮಾಡುತ್ತೇನೆ. ಮಕ್ಕಳಿಗೆ ಫೋನು ಬೇಡ, ನಿಮ್ಮದೊಂದು ಇದ್ದರೆ ಸಾಕು. ಮಕ್ಕಳ ಕೈಗೆ ಪ್ರಿಂಟ್ ಮಾಡಿದ ಕಾರ್ಡು. ಒಂದೊಂದು ಕಾರ್ಡಿನ ಚಿತ್ರವೂ ಬೇರೆ, ನಾಲ್ಕು ಬದಿಗೆ ನಾಲ್ಕು ಉತ್ತರ. ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಹಿಡಿಯುತ್ತಾರೆ. ನೀವು ಫೋನಿನ ಕ್ಯಾಮೆರಾ ಹಿಡಿದು ನಿಂತರೆ ಯಾರು ಏನು ಹೇಳಿದರು ಅಂತ ಎಲ್ಲ ಬಂದುಬಿಡುತ್ತದೆ. ಪಕ್ಕದವರಿಗೆ ಮಾತ್ರ ಗೊತ್ತಾಗಲ್ಲ. ಕೈ ಎತ್ತೋಕೆ ನಾಚುವ ಮಕ್ಕಳಿಗೆ ಇದು ದೊಡ್ಡ ಧೈರ್ಯ. 40 ಕಾರ್ಡುಗಳ ಕಟ್ಟು ನಿಮಗೆ ಸಾಲದು, 63ರದ್ದೂ ಇದೆ, ಅದನ್ನೇ ಪ್ರಿಂಟ್ ಹಾಕಿಸಿ.

(ಎ+ಬಿ)² ಎಷ್ಟು ಅಂತ ಕೇಳಿದೆ. 38 ಮಕ್ಕಳಲ್ಲಿ 21 ಮಂದಿ ಎ²+ಬಿ² ಅಂದರು. ನಾನು ಸರಿ ತಪ್ಪು ಹೇಳಲಿಲ್ಲ. ಎ ಬದಲು 2, ಬಿ ಬದಲು 3 ಹಾಕಿ, ಪಕ್ಕದವರ ಜೊತೆ ಮಾತಾಡಿ ಅಂದೆ. ಒಂದು ಕಡೆ 25, ಇನ್ನೊಂದು ಕಡೆ 13. ಎಷ್ಟು ಗಲಾಟೆ ಅಂತೀರಾ! ಮತ್ತೆ ಕಾರ್ಡು ಎತ್ತಿದಾಗ ನಾಲ್ಕೇ ಮಂದಿ ತಪ್ಪು ಹೇಳಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ಮೊದಮೊದಲು ನಾನು ಅಂಕ, ರ‍್ಯಾಂಕು ಅಂತ ಪಟ್ಟಿ ಮಾಡಿ ಟಿವಿಯಲ್ಲಿ ಹಾಕುತ್ತಿದ್ದೆ. ಎರಡು ವಾರ ಭಾರೀ ಹುರುಪು. ಆಮೇಲೆ ಮೇಲಿನ ಐದು ಜನ ಮಾತ್ರ ಆಡುತ್ತಿದ್ದರು, ಉಳಿದವರು ಕೈಬಿಟ್ಟರು. ಪ್ರಶ್ನೆ ಓದುವ ಮುಂಚೆಯೇ 'ಇದಕ್ಕೆ ಪಾಯಿಂಟ್ ಇದೆಯಾ ಮಿಸ್' ಅನ್ನುತ್ತಿದ್ದರು. ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಚಿತ್ರ ಬಿಡಿಸೋದು ಇಷ್ಟವಿದ್ದ ಶಿಶುವಿಹಾರದ ಮಕ್ಕಳಿಗೆ, ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವು ದಿನ ಬಿಟ್ಟು ನೋಡಿದರೆ, ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವ ಹೊತ್ತು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹೀಗಾಗಲಿಲ್ಲ. ಇದನ್ನು ಓದಿದ ಮೇಲೆ ಪಟ್ಟಿ ತೆಗೆದುಹಾಕಿದೆ. ಈಗ ಮೊದಲ ಸಲ ಎಷ್ಟು ಜನ ಸರಿ, ಎರಡನೇ ಸಲ ಎಷ್ಟು ಜನ ಸರಿ, ಇಷ್ಟು ಮಾತ್ರ ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ಇಡೀ ತರಗತಿಯ ಗೆಲುವು ಅಲ್ವಾ.

ಕನ್ನಡ ಶಿಕ್ಷಕ, ಧಾರವಾಡ ಜಿಲ್ಲೆ

ನಾನು ಬಳಸೋದು ಫೋನಿನ ವಾಯ್ಸ್ ರೆಕಾರ್ಡರ್ ಮತ್ತು ಅಂಗೈಯಷ್ಟು ಸ್ಪೀಕರ್. ಕರೆಂಟಿನ ಚಿಂತೆ ಇಲ್ಲ. ಜನಪದ ಗೀತೆಯ ಪಾಠ ಬಂದಾಗ, ಮನೆಯ ಹಿರಿಯರು ಹಾಡುವ ಪದ ರೆಕಾರ್ಡ್ ಮಾಡಿ ತನ್ನಿ ಅಂದೆ. ಸಂತೆಯ ದಿನ ತಪ್ಪದೆ ರಜೆ ಹಾಕುವ ಒಬ್ಬ ಹುಡುಗ ಅಜ್ಜಿಯ ಬೀಸುಕಲ್ಲಿನ ಪದ ತಂದಿದ್ದ. ಹಾಡಿನ ಹಿಂದೆ ಕಲ್ಲಿನ ಗರಗರ ಸದ್ದು. ಬಹಳ ಮಕ್ಕಳು ಬೀಸುಕಲ್ಲು ತಿರುಗೋದನ್ನೇ ನೋಡಿರಲಿಲ್ಲ. ಅವನೇ ಮುಂದೆ ಬಂದು ಎಡಗೈ ಕೆಳಗೆ, ಬಲಗೈ ಮೇಲೆ ಇಟ್ಟು, 'ಕೆಳಗಿನ ಕಲ್ಲು ತಿರುಗಲ್ಲ, ಮೇಲಿನದಷ್ಟೇ' ಅಂತ ತಿರುಗಿಸಿ ತೋರಿಸಿದ. ಆಮೇಲೆ ಆ ಪದವನ್ನು ಕೇಳಿ ಕೇಳಿ ಬರೆದುಕೊಂಡೆವು. ಒತ್ತಕ್ಷರ ತಪ್ಪಿದರೆ ಅವರೇ ತಿದ್ದಿಕೊಳ್ಳುತ್ತಿದ್ದರು, ಅಜ್ಜಿಯ ಮಾತು ತಪ್ಪಾಗಬಾರದು ಅಂತ. ಹಿರಿಯರ ಒಪ್ಪಿಗೆ ಕೇಳೋದನ್ನು ಮಾತ್ರ ಮರೆಯಬೇಡಿ. ಧ್ವನಿ ಶಾಲೆಯ ಹೊರಗೆ ಹೋಗದಂತೆಯೂ ನೋಡಿಕೊಳ್ಳಿ.

ಒಬ್ಬ ತಂದೆ, ಬೆಂಗಳೂರು

ನಾನು ಶಿಕ್ಷಕ ಅಲ್ಲ, ಗಾರೆ ಕೆಲಸ ಮಾಡುತ್ತೇನೆ. ನಮ್ಮ ಮನೆಗೆ ಒಂದೇ ಫೋನು, ಅದು ದಿನವಿಡೀ ನನ್ನ ಜೇಬಿನಲ್ಲಿರುತ್ತದೆ. ರಾತ್ರಿ ಎಂಟಕ್ಕೆ ಮನೆಗೆ ಬಂದಾಗ ಮಗಳು ಹೋಮ್‌ವರ್ಕ್‌ಗೆ ಅಂತ ಫೋನು ಕೇಳುತ್ತಾಳೆ, ಆಗ ಚಾರ್ಜೇ ಇರೋದಿಲ್ಲ. ಫೋನು ಬೇಕಾಗುವ ಕೆಲಸ ಶಾಲೆಯಲ್ಲೇ ಮಾಡಿಸಿ ಮೇಡಂ. ಮನೆಗೆ ಕೊಡುವುದಾದರೆ ಎರಡು ಮೂರು ದಿನ ಟೈಮ್ ಕೊಡಿ.

ಪ್ರಶ್ನೆ ಕೇಳಿದ ಶಿಕ್ಷಕಿ, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಅಪ್ಪಾಜಿ, ನಿಮ್ಮ ಮಾತು ಓದಿದ ದಿನವೇ ವಾಟ್ಸ್‌ಆ್ಯಪ್ ಹೋಮ್‌ವರ್ಕ್ ನಿಲ್ಲಿಸಿದೆ. ಕಾರ್ಡುಗಳನ್ನು ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿದ್ದೇವೆ.

ಹಾಸನದ ಸರ್, ನಿಮ್ಮ ಬಲ್ಬಿನ ಪಾಠ ನಿನ್ನೆ ಮಾಡಿದೆ. ನನ್ನ ಮಕ್ಕಳೂ 'ಮೊದಲನೆಯದು' ಅಂತಲೇ ಬರೆದರು. ಸಿಮ್ಯುಲೇಶನ್ ಶುರು ಮಾಡಿ ಐದು ನಿಮಿಷಕ್ಕೆ ಕರೆಂಟು ಹೋಯಿತು, ಟಿವಿ ಆಫ್. ನನಗೆ ಅಳುವೇ ಬಂತು. ಆದರೆ ಮೇಜಿನ ಮೇಲೆ ಸೆಲ್ಲು, ಬಲ್ಬು ಇದ್ದವಲ್ಲ. ಒಬ್ಬ ಹುಡುಗ ಓಡಿಹೋಗಿ ಕಿಟಕಿ ಮುಚ್ಚಿದ, 'ಕತ್ತಲಲ್ಲಿ ಚೆನ್ನಾಗಿ ಕಾಣುತ್ತೆ ಮೇಡಂ' ಅಂತ. ತೂಕಡಿಸುತ್ತಿದ್ದವರೆಲ್ಲ ಮೇಜಿನ ಸುತ್ತ ನಿಂತಿದ್ದರು. ಬೆಲ್ ಆದ ಮೇಲೂ ನಾಲ್ಕು ಜನ ಹೋಗಲಿಲ್ಲ. ಮೂರನೇ ಬಲ್ಬು ಸೇರಿಸಿದರೆ ಏನಾಗುತ್ತೆ ಅಂತ ನೋಡಬೇಕಂತೆ. ಊಹೆ ಬರೆದು ಕೊಟ್ಟು ಹೋಗಿದ್ದಾರೆ, ನಾಳೆ ಜೋಡಿಸುತ್ತೇವೆ.