ಒಬ್ಬನಿಗೇ ಅಡುಗೆ ಮಾಡಿಕೊಂಡರೆ ದುಡ್ಡು ಉಳಿಯುತ್ತಾ?

ಕೇಳಿದ್ದು:
ಕೆಲಸದ ಮೇಲೆ ಶಿವಮೊಗ್ಗಕ್ಕೆ ಬಂದಿದ್ದೇನೆ. ವಿನೋಬನಗರದಲ್ಲಿ ರೂಮು. ಮೂರು ಹೊತ್ತೂ ಹೋಟೆಲ್. ತಿಂಡಿ ಕಾಫಿಗೆ 60–70, ಊಟಕ್ಕೆ 90. ತಿಂಗಳಿಗೆ 7 ಸಾವಿರ ದಾಟುತ್ತಿದೆ. ಅಡುಗೆ ಅಷ್ಟಾಗಿ ಬರಲ್ಲ, ಫ್ರಿಜ್ ಇಲ್ಲ. ಮನೆಯಲ್ಲಿ ಮಾಡಿಕೊಂಡರೆ ನಿಜಕ್ಕೂ ಉಳಿಯುತ್ತಾ? ಅನುಭವ ಇದ್ದವರು ಹೇಳಿ.

ಗೋಪಾಳದ ಅಕ್ಕ:
ಉಳಿಯುತ್ತೆ ತಮ್ಮಾ. ಆದರೆ ಮೂರು ಹೊತ್ತೂ ನಾನೇ ಮಾಡ್ತೀನಿ ಅಂತ ಹೊರಟರೆ ತಿಂಗಳು ತುಂಬುವ ಮೊದಲೇ ಕುಕ್ಕರ್ ಮೂಲೆ ಸೇರುತ್ತೆ. ಸದ್ಯ ರಾತ್ರಿ ಊಟ ಒಂದನ್ನೇ ಹಿಡಿ. ಒಬ್ಬರಿಗೆ ಒಂದು ಹೊತ್ತಿಗೆ 125 ಗ್ರಾಂ ಅಕ್ಕಿ ಧಾರಾಳ. ಕೇಜಿಗೆ 60 ರೂಪಾಯಿಯ ಸೋನಾ ಮಸೂರಿ ತಂದರೂ ಏಳೆಂಟು ರೂಪಾಯಿ ಆಯ್ತು. ಒಂದು ಹಿಡಿ ತೊಗರಿಬೇಳೆ, ಎರಡು ಟೊಮೆಟೊ, ಒಗ್ಗರಣೆ, ಮೊಸರು, ಗ್ಯಾಸ್ ಎಲ್ಲಾ ಸೇರಿ 40 ದಾಟಲ್ಲ. ದಿನಕ್ಕೆ 50 ಉಳಿದರೂ ತಿಂಗಳಿಗೆ 1500 ಅಲ್ವಾ?

ಒಳಗೆ ಡಬ್ಬಿಗಳಿರುವ ಕುಕ್ಕರ್ ತಗೋ. ತಳದಲ್ಲಿ ನೀರು, ಕೆಳಗಿನ ಡಬ್ಬಿಯಲ್ಲಿ ಬೇಳೆ, ಟೊಮೆಟೊ, ಚಿಟಿಕೆ ಅರಿಸಿನ, ಮೇಲಿನದರಲ್ಲಿ ಅಕ್ಕಿ. ನಾಲ್ಕು ವಿಷಲ್. ಅದು ಇಳಿಯುವಷ್ಟರಲ್ಲಿ ಸ್ನಾನ ಮುಗಿಸು. ಬೇಳೆ ಮಸೆದು, ಉಪ್ಪು, ಬೆಲ್ಲದ ಚೂರು, ಸಾರಿನ ಪುಡಿ ಹಾಕಿ ಕುದಿಸಿ ಇಂಗಿನ ಒಗ್ಗರಣೆ ಕೊಟ್ಟರೆ ಆಯ್ತು. ಪುಡಿ ಮಾತ್ರ ಊರಿಂದ ತರಿಸಿಕೋ. ಪುಡಿ ಚೆನ್ನಾಗಿದ್ದರೆ ಹೊಸಬನ ಸಾರೂ ಬಾಯಿಗೆ ಹತ್ತುತ್ತೆ.

ಸಾಗರದಿಂದ:
ಒಟ್ಟಿಗೆ ತಂದರೆ ಅಗ್ಗ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮಳೆಗಾಲದಲ್ಲಿ ಆ ಲೆಕ್ಕ ನಡೆಯಲ್ಲ ಮಾರಾಯ್ರೆ. ಜೂನ್ ಬಂತು ಅಂದರೆ ಉಪ್ಪು ನೀರು ಬಿಡುತ್ತೆ, ರವೆಗೆ ಹುಳ, ಮೆಣಸಿನಕಾಯಿಗೆ ಬೂಸ್ಟು. ಒಬ್ಬರಿಗೆ ಬೇಳೆ ಅರ್ಧ ಕೇಜಿ, ರವೆ ಕಾಲು ಕೇಜಿ ಸಾಕು. ರವೆಯನ್ನು ತಂದ ದಿನವೇ ಹುರಿದು ಡಬ್ಬಿಗೆ ಹಾಕಿ.

ತರಕಾರಿಯಲ್ಲೇ ದುಡ್ಡು ಕೊಳೆಯುವುದು. ಫ್ರಿಜ್ ಇಲ್ಲ ಅಂದರೆ ಮೊಗೆಕಾಯಿ (ಮಂಗಳೂರು ಸೌತೆ), ಸಿಹಿಗುಂಬಳ, ಸುವರ್ಣಗೆಡ್ಡೆ ನೋಡಿ. ಮೊಗೆಕಾಯಿಯನ್ನು ಹಳ್ಳಿ ಮನೆಗಳಲ್ಲಿ ಬಾಳೆಪಟ್ಟೆಯಿಂದ ಕಟ್ಟಿ ತೂಗುಹಾಕಿ ತಿಂಗಳುಗಟ್ಟಲೆ ಇಡ್ತಾರೆ. ಸೊಪ್ಪು ಮಾತ್ರ ಆ ದಿನದ್ದು ಆ ದಿನವೇ.

ಬೇಳೆ ಬೇಸರ ಬಂದಾಗ ತಂಬುಳಿ. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು. ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿ. ಕುದಿಸುವ ಕೆಲಸವೇ ಇಲ್ಲ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ, ಅದು ಕುಂಡದಲ್ಲೂ ಬರುತ್ತೆ.

ನವುಲೆಯ ರೂಮಿನಿಂದ:
ಅಣ್ಣಾ, ಬೆಳಿಗ್ಗೆ ಅಡುಗೆಗೆ ಇಳಿಯಲೇಬೇಡಿ. ಪಾತ್ರೆ ತೊಳೆಯುವಷ್ಟರಲ್ಲಿ ಡ್ಯೂಟಿಗೆ ಲೇಟು. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ 5, ಊಟ 10 ರೂಪಾಯಿ. ಆ ರೇಟಿಗೆ ಮನೆಯಲ್ಲಿ ಏನೂ ಆಗಲ್ಲ. ಬೇಗ ಹೋಗಿ, ತಡವಾದರೆ ಖಾಲಿ.

ಭಾನುವಾರಕ್ಕೆ ದೋಸೆ ಆಸೆ ಆದರೆ ನೀರುದೋಸೆ ಮಾಡಿ. ಮಳೆಗಾಲದ ಥಂಡಿಗೆ ಉದ್ದಿನ ಹಿಟ್ಟು ಹುಳಿ ಬರುವುದೇ ಇಲ್ಲ. ಇದಕ್ಕೆ ನೆನೆಸಿದ ಅಕ್ಕಿ, ಸ್ವಲ್ಪ ಕಾಯಿ, ಉಪ್ಪು ಸಾಕು. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಲಿ, ಕಾವಲಿ ಚೆನ್ನಾಗಿ ಕಾದಿರಲಿ. ಹುಯ್ದು ಮುಚ್ಚಿಡಿ, ತಿರುವಿ ಹಾಕುವುದೇ ಬೇಡ.

ಮೆಸ್ ನಡೆಸುವವರೊಬ್ಬರು:
ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲ! ಇರಲಿ, ನಾನೂ ಒಂದು ದಾರಿ ಹೇಳ್ತೀನಿ. ತುಂಬಾ ಮೆಸ್‌ಗಳಲ್ಲಿ ಸಾರು, ಪಲ್ಯ ಮಾತ್ರ ಪಾರ್ಸೆಲ್ ಕೊಡ್ತಾರೆ, ಕೇಳಿ. ಅನ್ನ ನೀವೇ ಮಾಡಿಕೊಳ್ಳಿ. ನಮ್ಮಲ್ಲಿ ಹಾಗೆ ಒಯ್ಯುವವರಿಗೆ ಪೂರ್ತಿ ಊಟದ ಅರ್ಧ ದುಡ್ಡೂ ಬೀಳಲ್ಲ. ಡಬ್ಬಿ ನಿಮ್ಮದೇ ತನ್ನಿ. ಬಿಸಿ ಸಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿಯಲು ನನಗಂತೂ ಮನಸ್ಸು ಬರಲ್ಲ.