ಕುರಿ ಹಿಂಡಿನೊಂದಿಗೆ ವಲಸೆ ಹೋಗುವ ಕುಟುಂಬದ ಮಕ್ಕಳಿಗೆ ಜನನ ಪ್ರಮಾಣಪತ್ರ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಶಾಲಾ ಶಿಕ್ಷಕಿ, ರಾಯಬಾಗ ತಾಲ್ಲೂಕು

ನಮ್ಮ ಊರಿನ ಹಲವು ಕುರುಬ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಹಿಂಡು ಹೊಡೆದುಕೊಂಡು ಹೊರಟರೆ ಮರಳುವುದು ಮುಂಗಾರಿನ ಹೊತ್ತಿಗೆ. ಖಾನಾಪುರ, ಹಳಿಯಾಳ, ಕಲಘಟಗಿಯ ಕಡೆ ಕೊಯ್ಲು ಮುಗಿದ ಹೊಲಗದ್ದೆಗಳಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಅಥವಾ ಹಣ ಪಡೆದು ಬದುಕುತ್ತಾರೆ. ಅಂಥ ಒಂದು ಕುಟುಂಬದ ಇಬ್ಬರು ಮಕ್ಕಳಿಗಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಏಳು ವರ್ಷದ ಹುಡುಗಿ ಹಳಿಯಾಳ ತಾಲ್ಲೂಕಿನ ಹೊಲವೊಂದರ ಬಿಡಾರದಲ್ಲಿ ಹುಟ್ಟಿದವಳು. ಅವಳ ತಮ್ಮ 2024ರ ಜನವರಿಯಲ್ಲಿ ಅದೇ ತಾಲ್ಲೂಕಿನ ಮತ್ತೊಂದು ಊರಿನ ಹೊರಗೆ ಹುಟ್ಟಿದ. ಇಬ್ಬರ ಜನನವೂ ನೋಂದಣಿಯಾಗಿಲ್ಲ. ಸ್ವಂತ ಊರಿನ ಕಚೇರಿಯಲ್ಲಿ ಕೇಳಿದರೆ ಮಗು ಹುಟ್ಟಿದ ಊರಿಗೆ ಹೋಗಿ ಎನ್ನುತ್ತಾರೆ. ಅಲ್ಲಿಗೆ ಹೋದರೆ ನೀವು ಈ ಊರಿನವರಲ್ಲ ಎನ್ನುತ್ತಾರೆ. ಇದರ ನಡುವೆ ತಾಯಿಯ ಹೆಸರು ಮತದಾರರ ಪಟ್ಟಿಯಿಂದಲೂ ಬಿಟ್ಟುಹೋಗಿದೆ. ಹುಡುಗಿಯನ್ನು ನಾನು ಶಾಲೆಗೆ ಸೇರಿಸಿಕೊಂಡಿದ್ದೇನೆ, ಆದರೆ ಆಧಾರ್ ಇಲ್ಲದ ಮಗುವಿನ ವಿವರವನ್ನು ದಾಖಲಿಸುವಾಗ ಪ್ರತಿ ಬಾರಿಯೂ ಆಕ್ಷೇಪಣೆ ಬರುತ್ತಿದೆ. ಇವುಗಳಲ್ಲಿ ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಉತ್ತರ 1: ನಿವೃತ್ತ ಕಂದಾಯ ನೌಕರ

ಮೊದಲು ಜನನ ನೋಂದಣಿ. ಉಳಿದೆಲ್ಲವೂ ಅದರ ನಂತರ. ಶಾಲೆಯ ವಿಷಯದಲ್ಲಿ ತಾವು ಮಾಡಿದ್ದು ಸರಿ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಹೇಳುತ್ತದೆ.

ಜನನವನ್ನು ನೋಂದಾಯಿಸಬೇಕಾದದ್ದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆ ತಾಯಿಯ ಊರಿನಲ್ಲಲ್ಲ. ಆದ್ದರಿಂದ ಸ್ವಂತ ಊರಿನ ಕಚೇರಿಯವರು ಹೇಳಿದ್ದು ಕಾನೂನಿಗೆ ಅನುಗುಣವಾಗಿಯೇ ಇದೆ. ತಪ್ಪಿರುವುದು ಹುಟ್ಟಿದ ಊರಿನಲ್ಲಿ ಸಿಕ್ಕ ಉತ್ತರದಲ್ಲಿ. ತಂದೆ ತಾಯಿ ಆ ಊರಿನ ಕಾಯಂ ನಿವಾಸಿಗಳಾಗಿರಬೇಕೆಂಬ ಷರತ್ತು 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಚಲಿಸುವ ವಾಹನದಲ್ಲಿ ಹುಟ್ಟಿದ ಮಗುವನ್ನೂ ವಾಹನ ಮೊದಲು ನಿಂತ ಸ್ಥಳದಲ್ಲಿ ನೋಂದಾಯಿಸಲು ಅವಕಾಶವಿರುವಾಗ, ತಿಂಗಳುಗಟ್ಟಲೆ ಒಂದೇ ಸೀಮೆಯಲ್ಲಿ ಬಿಡಾರ ಹೂಡಿದವರ ಮಗುವನ್ನು ತಿರಸ್ಕರಿಸಲು ಯಾವ ಆಧಾರವೂ ಇಲ್ಲ.

ತೊಡಕಿರುವುದು ಕಾಲಾವಧಿಯಲ್ಲಿ. 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನಗಳವರೆಗೆ ವಿಳಂಬ ಶುಲ್ಕವಿದೆ. ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದ ಮೇಲೆ ಹಿಂದೆ ಪ್ರಥಮ ದರ್ಜೆ ನ್ಯಾಯಾಧೀಶರ ಆದೇಶ ಬೇಕಾಗುತ್ತಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಪರಿಶೀಲಿಸಿ ಆದೇಶ ನೀಡಬಹುದು. ಇಬ್ಬರೂ ಮಕ್ಕಳು ಈ ಹಂತದಲ್ಲಿದ್ದಾರೆ. ಮೊದಲು ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪತ್ರ ಪಡೆಯಿರಿ. ನಂತರ ಹಳಿಯಾಳ ಸೇರಿರುವ ಉಪವಿಭಾಗದಲ್ಲಿ ಅರ್ಜಿ ಹಾಕಿ. ತಾಯಿ ಕಾರ್ಡ್, ಲಸಿಕೆಯ ದಾಖಲೆ, ಆಶಾ ಕಾರ್ಯಕರ್ತೆಯ ಪುಸ್ತಕದ ನಮೂದು, ಕುರಿ ತರುಬಿಸಿಕೊಂಡ ರೈತರ ಹೇಳಿಕೆ, ಇವುಗಳಲ್ಲಿ ಯಾವುದು ಸಿಕ್ಕರೂ ಜೊತೆಗಿಡಿ. ಹೊಲದ ಮಾಲೀಕರ ಹೇಳಿಕೆಯನ್ನು ಜನ ಮರೆಯುತ್ತಾರೆ, ಆದರೆ ಆ ಕುಟುಂಬ ಆ ದಿನ ಅಲ್ಲಿತ್ತು ಎಂದು ಹೇಳಬಲ್ಲ ಸ್ಥಳೀಯ ಸಾಕ್ಷಿ ಅವರೇ.

ತಮ್ಮನ ಅರ್ಜಿಯನ್ನು ಮುಂದೂಡಬೇಡಿ. 2023ರ ಅಕ್ಟೋಬರ್ 1ರಂದು ಮತ್ತು ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಆಧಾರ್, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ನೇಮಕಾತಿ ಮುಂತಾದವುಗಳಲ್ಲಿ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅಕ್ಕನಿಗೆ ಬೇರೆ ದಾಖಲೆಗಳ ದಾರಿ ಉಳಿದಿದೆ, ಅವನಿಗೆ ಇಲ್ಲ.

ಉತ್ತರ 2: ಕುರಿಗಾಹಿ ಕುಟುಂಬದ ಪದವೀಧರ, ಗೋಕಾಕ ತಾಲ್ಲೂಕು

ಮೇಲಿನ ಉತ್ತರ ಉಪಯುಕ್ತವಾಗಿದೆ, ಆದರೆ ಅರ್ಜಿಗಳೆಲ್ಲ ಸರಿಯಾಗಿದ್ದರೂ ನಮ್ಮವರಿಗೆ ಕಾಗದ ಸಿಗದಿರುವುದಕ್ಕೆ ಕಾರಣ ಬೇರೆ ಇದೆ. ಕಚೇರಿಯ ಪಂಚಾಂಗ ಒಂದು, ಹಿಂಡಿನ ಪಂಚಾಂಗ ಇನ್ನೊಂದು. ಮತದಾರರ ಪಟ್ಟಿಯ ವಾರ್ಷಿಕ ಪರಿಷ್ಕರಣೆಯನ್ನು ನೋಡಿ: ಅದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ, ನಮ್ಮ ಮನೆಗಳಿಗೆ ಬೀಗ ಬಿದ್ದಿರುವಾಗಲೇ ನಡೆಯುತ್ತದೆ. ಸಿಬ್ಬಂದಿ ಬಂದಾಗ ವಯಸ್ಸಾದ ಅಜ್ಜಿಯೊಬ್ಬಳು ಇದ್ದರೆ ಉಂಟು. ಅವಳು ಊರಲ್ಲಿಲ್ಲ ಎಂದದ್ದನ್ನು ಊರು ಬಿಟ್ಟಿದ್ದಾರೆ ಎಂದು ಬರೆದುಕೊಳ್ಳುತ್ತಾರೆ.

ಪಡಿತರದ್ದೂ ಇದೇ ಕಥೆ. ಒಂದೇ ಚೀಟಿಯ ಕುಟುಂಬ ವರ್ಷದ ಬಹುಪಾಲು ಎರಡು ಕಡೆ ಇರುತ್ತದೆ, ಮುದುಕರು ಊರಲ್ಲಿ, ಉಳಿದವರು ಹಿಂಡಿನ ಹಿಂದೆ. ಸದಸ್ಯರೆಲ್ಲ ಬಂದು ಬೆರಳಚ್ಚು ಕೊಡಿ ಎಂದು ಗಡುವು ಇಟ್ಟಾಗ ನೂರಾರು ಕುರಿಗಳನ್ನು ಯಾರ ಕೈಗೆ ಒಪ್ಪಿಸಿ ಬರಬೇಕು? ಬಂದರೂ ಉಣ್ಣೆ ಕತ್ತರಿಸಿ, ಹಗ್ಗ ಎಳೆದು, ಬಲೆಯ ಗೂಟ ಬಡಿದು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಬೆರಳಚ್ಚು ಹೊಂದಲಿಲ್ಲವೆಂದು ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲೇ ಸೂಚಿಸಿದೆ, ಆದರೆ ಅಂಗಡಿಯ ಮುಂದೆ ಅದನ್ನು ಹೇಳುವ ಧೈರ್ಯ ನನ್ನ ತಾಯಿಗಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಬಿಡಾರ ಹೂಡಿದ ಊರಿನಲ್ಲೇ ಅಕ್ಕಿ ಪಡೆಯಬಹುದು, ಅದು ನಿಜವಾದ ಅನುಕೂಲ. ಆದರೆ ಚೀಟಿಯಲ್ಲಿ ಹೆಸರು ಉಳಿದಿದ್ದರೆ ಮಾತ್ರ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನೂ ನೆನಪಿಡಿ. ಕುರುಬರು ಹಿಂದುಳಿದ ವರ್ಗಗಳ ಪ್ರವರ್ಗ 2ಎಗೆ ಸೇರಿರುವುದರಿಂದ ಆ ಪ್ರಮಾಣಪತ್ರದ ಅವಧಿ ಐದು ವರ್ಷ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹತ್ತಿರ ಬಂದಾಗ ತಂದೆ ಹಿಂಡಿನೊಂದಿಗೆ ದೂರದಲ್ಲಿದ್ದರೆ ಮಗುವಿನ ಆ ವರ್ಷದ ಹಣ ಹೋದಂತೆಯೇ. ಜೂನ್ ಮತ್ತು ಜುಲೈನಲ್ಲಿ, ಜನ ಊರಲ್ಲಿರುವಾಗ, ಇವೆಲ್ಲವನ್ನೂ ಒಂದೇ ಶಿಬಿರದಲ್ಲಿ ಮಾಡಿಕೊಡಿ ಎಂದು ತಾಲ್ಲೂಕಿಗೆ ಮನವಿ ಕೊಡಿ. ಶಿಕ್ಷಕಿಯೊಬ್ಬರು ಕೊಟ್ಟ ಮನವಿಗೆ ನಮ್ಮ ಮನವಿಗಿಂತ ಹೆಚ್ಚು ಬೆಲೆ ಇದೆ. ಹಾಗಾಗಬಾರದು, ಆದರೆ ಇದೆ.

2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ವಲಸೆ ಕುರಿಗಾಹಿಗಳ ರಕ್ಷಣೆಯ ಕಾನೂನಿನಲ್ಲಿ ನೋಂದಣಿ ಮತ್ತು ಗುರುತಿನ ಚೀಟಿಯ ಮಾತಿದೆ. ದಾರಿಯಲ್ಲಿ ಕುರಿ ಕಳವಾದಾಗ, ಹಲ್ಲೆಯಾದಾಗ ಅದು ಕೈಯಲ್ಲಿದ್ದರೆ ಪೊಲೀಸ್ ಠಾಣೆಯಲ್ಲಿ ಮಾತನಾಡುವುದು ಸುಲಭವಾಗುತ್ತದೆ ಎಂಬ ಭರವಸೆ ನನಗಿದೆ.

ಉತ್ತರ 3: ವಕೀಲೆ, ಧಾರವಾಡ

ಕುರಿಗಾಹಿಗಳ ಆ ಗುರುತಿನ ಚೀಟಿಯ ಬಗ್ಗೆ ನನಗೆ ಸ್ವಲ್ಪ ಆತಂಕವಿದೆ. ಅದನ್ನು ಪಡೆಯಲು ಆಧಾರ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಕೇಳಿದರೆ, ಯಾರಿಗೆ ಯಾವ ಕಾಗದವೂ ಇಲ್ಲವೋ ಅವರೇ ಮತ್ತೆ ಹೊರಗುಳಿಯುತ್ತಾರೆ. ಹಿಂಡಿನ ಬಳಿಗೇ ಹೋಗಿ, ಜೊತೆಗಿರುವ ಕುರಿಗಾಹಿಗಳ ಸಾಕ್ಷ್ಯದ ಮೇಲೆ ನೋಂದಾಯಿಸುವ ಕ್ರಮ ಬಂದರೆ ಮಾತ್ರ ಅದು ಮೊದಲ ಕಾಗದವಾಗಬಲ್ಲದು.

ತಾಯಿಯ ಮತದಾನದ ಹಕ್ಕಿನ ವಿಷಯ ಸ್ಪಷ್ಟವಾಗಿದೆ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಮಿನ ಪ್ರಕಾರ ವಾಸಸ್ಥಳದಿಂದ ತಾತ್ಕಾಲಿಕವಾಗಿ ದೂರವಿದ್ದ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗಿ ಉಳಿಯದೆ ಹೋಗುವುದಿಲ್ಲ. ಮತ್ತು ಊರು ಬಿಟ್ಟರೆಂದು ಹೆಸರು ತೆಗೆಯುವ ಮುನ್ನ ಅವರ ಮಾತು ಕೇಳಲು ಅವಕಾಶ ಕೊಡಬೇಕೆಂದು 22ನೇ ಕಲಂ ಹೇಳುತ್ತದೆ. ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬುವಾಗ ಈ ಎರಡು ಕಲಮುಗಳನ್ನು ಉಲ್ಲೇಖಿಸಿ ಒಂದು ಪತ್ರ ಲಗತ್ತಿಸಿ. ಮನೆಯೇ ಇಲ್ಲದವರ ವಿಷಯದಲ್ಲಿ ಮತಗಟ್ಟೆ ಅಧಿಕಾರಿ ರಾತ್ರಿ ಹೋಗಿ ಅವರು ಮಲಗುವ ಜಾಗ ನೋಡಿ ಖಚಿತಪಡಿಸಿಕೊಂಡರೆ ಸಾಕು, ವಿಳಾಸದ ದಾಖಲೆ ಬೇಡವೆಂದು ಚುನಾವಣಾ ಆಯೋಗವೇ ಹೇಳಿದೆ. ಊರಲ್ಲಿ ಮನೆ ಇರುವ ಈ ತಾಯಿಯನ್ನು ಅದಕ್ಕಿಂತ ಕಠಿಣವಾಗಿ ಅಳೆಯುವುದು ಅನ್ಯಾಯ.

ಆಧಾರ್ ಬಗ್ಗೆಯೂ ಹೀಗೆಯೇ. ಅಲೆಮಾರಿ ಬುಡಕಟ್ಟುಗಳಿಗೆ ಹಾಗೂ ಕಾಯಂ ವಾಸದ ಮನೆ ಇಲ್ಲದವರಿಗೆ ಸಂಖ್ಯೆ ನೀಡಲು ಪ್ರಾಧಿಕಾರವು ವಿಶೇಷ ಕ್ರಮ ಕೈಗೊಳ್ಳಬೇಕೆಂದು 2016ರ ಆಧಾರ್ ಕಾಯ್ದೆಯ 5ನೇ ಕಲಮಿನಲ್ಲಿದೆ. ಶಿಬಿರಕ್ಕಾಗಿ ಬರೆಯುವ ಮನವಿಯಲ್ಲಿ ಇದನ್ನು ಸೇರಿಸಿ.

ಜನನ ಆದೇಶದ ಅರ್ಜಿಗೆ ಹಣ ಖರ್ಚು ಮಾಡಬೇಡಿ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ತಾಯಿಯ ಹೆಸರಿನಲ್ಲೇ ಅರ್ಜಿ ಕೊಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ತಮ್ಮನ ತಾಯಿ ಕಾರ್ಡ್ ಇದೆ, ಅಕ್ಕನದು ಕಳೆದುಹೋಗಿದೆ. ಕುರಿ ತರುಬಿದ್ದ ಹೊಲದ ರೈತರ ದೂರವಾಣಿ ಸಂಖ್ಯೆ ತಂದೆಯ ಬಳಿ ಇದೆ, ಅವರೊಂದಿಗೆ ಮಾತನಾಡುತ್ತೇನೆ. ಇನ್ನೊಂದು ಸಂದೇಹ: ಅಕ್ಕನ ಹುಟ್ಟಿದ ದಿನ ಅಮಾವಾಸ್ಯೆಯ ಮರುದಿನ ಎಂದಷ್ಟೇ ತಾಯಿಗೆ ನೆನಪಿದೆ. ಶಾಲೆಯಲ್ಲಿ ಅಂದಾಜಿನ ದಿನಾಂಕ ಬರೆದಿದ್ದೇವೆ. ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು?

ಉತ್ತರ 1 ನೀಡಿದವರು

ತಿಂಗಳು ಮತ್ತು ವರ್ಷ ಖಚಿತವಿದ್ದರೆ ಆ ವರ್ಷದ ಪಂಚಾಂಗದಲ್ಲಿ ಅಮಾವಾಸ್ಯೆಯ ಮರುದಿನ ಯಾವ ತಾರೀಕೆಂದು ನೋಡಿ, ಅದನ್ನೇ ಬರೆದು, ಹೇಗೆ ನಿರ್ಧರಿಸಿದಿರಿ ಎಂಬುದನ್ನೂ ತಾಯಿಯ ಹೇಳಿಕೆಯಲ್ಲಿ ಸೇರಿಸಿ. ಆದೇಶ ಬಂದ ಮೇಲೆ ಶಾಲಾ ದಾಖಲೆಯನ್ನು ಅದಕ್ಕೆ ಹೊಂದುವಂತೆ ತಿದ್ದಿಸಿ. ಎರಡು ಕಾಗದಗಳಲ್ಲಿ ಎರಡು ದಿನಾಂಕಗಳಿದ್ದರೆ ಹತ್ತನೇ ತರಗತಿಯ ಅಂಕಪಟ್ಟಿ ಬರುವ ಹೊತ್ತಿಗೆ ಆ ಹುಡುಗಿ ಮತ್ತೆ ಕಚೇರಿ ಅಲೆಯಬೇಕಾಗುತ್ತದೆ.