ಅಪ್‌ಡೇಟ್: ಚಿನ್ನಿಗೆ ಆಪರೇಷನ್ ಮಾಡಿಸಿದೆವು

ಹೋದ ತಿಂಗಳು ಕೇಳಿದ್ದೆನಲ್ಲ, ನಮ್ಮ ಏಳು ತಿಂಗಳ ಹೆಣ್ಣು ಬೆಕ್ಕು ಚಿನ್ನಿಗೆ ಸಂತಾನಹರಣ ಆಪರೇಷನ್ ಮಾಡಿಸಲೋ ಬೇಡವೋ ಅಂತ. ನಮ್ಮವ್ವ "ಒಂದ್ ಸಲ ಮರಿ ಹಾಕ್ಲಿ ಬಿಡು" ಅಂತ ಹಟ ಹಿಡಿದಿದ್ದಳು. ಅಷ್ಟರಲ್ಲಿ ಚಿನ್ನಿ ಬೆದೆಗೆ ಬಂತು. ರಾತ್ರಿಯಿಡೀ ಕಿರುಚಾಟ, ಧಾರವಾಡದ ಆ ಜಿಟಿಜಿಟಿ ಮಳೆಯಲ್ಲೂ ನಮ್ಮ ಹೆಂಚಿನ ಮೇಲೆ ಮೂರು ಗಂಡು ಬೆಕ್ಕು! ಮೂರನೇ ದಿನ ಅವ್ವನೇ "ಸಾಕಾತು, ಡಾಕ್ಟರ್ ಕಡೆ ಒಯ್ಯೋ ತಮ್ಮಾ" ಅಂದಳು.

ಡಾಕ್ಟರ್ ಪ್ರಕಾರ, ಒಂದು ಸಲ ಮರಿ ಹಾಕಿದರೆ ಒಳ್ಳೆಯದು ಅನ್ನುವುದು ಸುಮ್ನೆ ಮಾತು ಅಂತೆ. ಬೇಗ ಮಾಡಿಸಿದಷ್ಟೂ ಮೊಲೆಯ ಕ್ಯಾನ್ಸರ್ ಭಯ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಚಿಂತೆಯೂ ಇಲ್ಲ. ಹಾಗೇ ಬಿಟ್ಟರೆ ಎರಡು ಮೂರು ವಾರಕ್ಕೊಮ್ಮೆ ಇದೇ ಗಲಾಟೆ, ಗಬ್ಬವಾದರೆ ಒಂಬತ್ತು ವಾರಕ್ಕೆ ಮರಿ.

ಬೆದೆ ಇಳಿದ ಮೇಲೆ ಆಪರೇಷನ್ ಆಯಿತು, ಸಂಜೆಗೇ ಮನೆಗೆ ತಂದೆವು. ಕಷ್ಟ ಆಗಿದ್ದು ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೋನ್‌ದು. ಹೊಸ್ತಿಲು ದಾಟುವಾಗ ಟಕ್ ಅಂತ ಬಡಿಯುತ್ತಿತ್ತು, ಹಿಂದಕ್ಕೆ ಸರಿದು ನನ್ನನ್ನೇ ಗುರಾಯಿಸುತ್ತಿತ್ತು. ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಹೊಟ್ಟೆ ಮೇಲೆ ಬೋಳಿಸಿದ ಜಾಗದಲ್ಲಿ ಈಗ ಕೂದಲು ಚಿಗುರುತ್ತಿದೆ, ಅವ್ವ ದಿನಾ ತಿರುಗಿಸಿ ನೋಡುತ್ತಾಳೆ. ಹಸಿವು ಮಾತ್ರ ಜಾಸ್ತಿಯಾಗಿದೆ, ಅಳತೆ ಮಾಡಿ ಹಾಕುತ್ತಿದ್ದೇನೆ.